ಮಸಿ ಗೋಡೆ ಮೇಲೆ ಹೂವು: ಜಾಲಿಪ್ಯೆ ಊರಲ್ಲಿ ನಾಲ್ಕು ದಿನ

ಕ್ರಾಕೋವ್‌ಗೆ ಬಂದು ಮೂರು ವರ್ಷ ಆಯ್ತು, ಇಷ್ಟು ದಿನದಲ್ಲಿ ನಾವು ನೋಡಿದ್ದೆಲ್ಲಾ ಕೋಟೆ, ಉಪ್ಪಿನ ಗಣಿ, ಜಕೊಪಾನೆ ಬೆಟ್ಟ, ಅಷ್ಟೇ. ಪೋಲೆಂಡ್‌ನ ಹಳ್ಳಿ ಅಂದ್ರೆ ರೈಲಿನ ಕಿಟಕಿಯಲ್ಲಿ ಓಡಿಹೋಗೋ ಹೊಲ, ಅದರ ಮಧ್ಯ ಒಂದು ಚರ್ಚ್ ಗೋಪುರ. ಆಫೀಸಲ್ಲಿ ಒಬ್ರು ಫೋಟೋ ತೋರಿಸಿದ್ರು, ಮನೆ ಗೋಡೆ ತುಂಬಾ ಹೂವು, ಬಾವಿಗೂ ಹೂವು, ಕೊನೆಗೆ ನಾಯಿ ಗೂಡಿಗೂ ಹೂವು. ಜಾಲಿಪ್ಯೆ ಅಂತ ಊರಂತೆ, ತಾರ್ನೂವ್‌ನಿಂದ ಉತ್ತರಕ್ಕೆ ಒಂದು ಮೂವತ್ತು ಕಿಲೋಮೀಟರ್. ಜೂನ್‌ನಲ್ಲಿ ಬೋಜೆ ಚ್ಯಾವೊ ಹಬ್ಬ ಗುರುವಾರ ಬಂತು, ಅದು ಸರ್ಕಾರಿ ರಜೆ, ಶುಕ್ರವಾರ ಒಂದು ಲೀವ್ ಹಾಕಿದ್ರೆ ನಾಲ್ಕು ದಿನ ಸಿಗತ್ತೆ, ಇಲ್ಲಿ ಎಲ್ರೂ ಮಾಡೋದು ಅದೇ. ನಾನೂ ನಮ್ಮನೆಯವ್ರೂ ಹೊರಟ್ವಿ. ನಿಜ ಹೇಳ್ಬೇಕಂದ್ರೆ ನಾನು ಹೋಗಿದ್ದು ಫೋಟೋ ಹೊಡ್ಕೊಳ್ಳೋಕೆ.

ಮೊದಲ ದಿನ, ಗುರುವಾರ

ಕ್ರಾಕೋವ್‌ನಿಂದ ತಾರ್ನೂವ್‌ಗೆ ರೈಲಲ್ಲಿ ಒಂದು ಗಂಟೆ, ಅದೇನು ಕಷ್ಟ ಇಲ್ಲ. ಕಷ್ಟ ಶುರುವಾಗಿದ್ದು ಆಮೇಲೆ. ಹಬ್ಬದ ದಿನ ಹಳ್ಳಿ ಕಡೆ ಬಸ್ ಇಲ್ಲ ಅನ್ನೋದನ್ನ ನಾವು ಯೋಚನೆನೇ ಮಾಡಿರ್ಲಿಲ್ಲ, ಅಂಗಡಿನೂ ಮುಚ್ಚಿರತ್ತೆ, ಒಂದು ಬಾಟ್ಲಿ ನೀರಿಗೂ ಪೆಟ್ರೋಲ್ ಬಂಕ್ ಹುಡುಕ್ಬೇಕು. ಕೊನೆಗೆ ಟ್ಯಾಕ್ಸಿ ಮಾಡಿದ್ವಿ. ಡ್ರೈವರ್ ದಾರಿ ಉದ್ದಕ್ಕೂ ನಮ್ಮನ್ನ ಕನ್ನಡಿಯಲ್ಲಿ ನೋಡ್ತಾನೇ ಇದ್ದ, ಇಂಡಿಯಾದವ್ರು ಜಾಲಿಪ್ಯೆಗೆ ಯಾಕೆ ಅಂತ ಕೇಳೇಬಿಟ್ಟ. ಗೋಡೆ ನೋಡೋಕೆ ಅಂದ್ವಿ, ನಕ್ಕ.

ನೆಲ ಪೂರ್ತಿ ಸಮತಟ್ಟು. ವಿಸ್ವಾ ನದಿ, ಅದಕ್ಕೆ ಸೇರೋ ದುನಾಯೆತ್ಸ್ ನದಿ, ಎರಡರ ಮೂಲೆಯ ಜಾಗ ಇದು, ಈ ಸೀಮೆಗೆ ಪೊವಿಶ್ಲೆ ಅಂತಾರೆ, ವಿಸ್ವಾ ದಡದ ನಾಡು ಅಂತ. ಹೊಲಗಳು ರಿಬ್ಬನ್ ಕತ್ತರಿಸಿ ಹಾಸಿದ ಹಾಗೆ ಉದ್ದಕ್ಕೆ, ಅಗಲ ಮಾತ್ರ ಏನೂ ಇಲ್ಲ. ಅಪ್ಪನ ಜಮೀನು ಮಕ್ಕಳಿಗೆ, ಅದು ಮತ್ತೆ ಮೊಮ್ಮಕ್ಕಳಿಗೆ ಅಂತ ಹಿಸ್ಸೆ ಆಗಿ ಆಗಿ ಹಿಂಗಾಗಿದ್ದು, ನಮ್ಮ ಸಾಗರದ ಕಡೆ ಪಹಣಿ ನೋಡಿದವ್ರಿಗೆ ಈ ಕಥೆ ಬಿಡಿಸಿ ಹೇಳ್ಬೇಕಾಗಿಲ್ಲ. ಕಮ್ಯುನಿಸ್ಟ್ ಸರ್ಕಾರ ಇದ್ದಾಗ ಪಕ್ಕದ ದೇಶಗಳಲ್ಲೆಲ್ಲಾ ಜಮೀನು ಒಟ್ಟು ಮಾಡಿ ಸಾಮೂಹಿಕ ಬೇಸಾಯ ಮಾಡಿಸಿದ್ರು, ಪೋಲೆಂಡ್‌ನಲ್ಲಿ ಅದು ನಡೀಲಿಲ್ಲ, ರೈತರು ಬಗ್ಗಲೇ ಇಲ್ಲ, ಹೆಚ್ಚಿನ ಭೂಮಿ ಮನೆತನಗಳ ಕೈಯಲ್ಲೇ ಉಳೀತು. ಅದಕ್ಕೇ ಈ ರಿಬ್ಬನ್‌ಗಳು ಇನ್ನೂ ಹಂಗೇ ಇವೆ. ಕರೆಂಟ್ ಕಂಬಗಳ ಮೇಲೆ ಕೊಕ್ಕರೆ ಗೂಡು, ಒಂದೊಂದು ಗೂಡೂ ಟ್ರ್ಯಾಕ್ಟರ್ ಚಕ್ರದಷ್ಟು ದೊಡ್ಡದು.

ಊರು ಅಂದ್ರೆ ನಾನು ಒಂದು ಬೀದಿ, ಎರಡೂ ಕಡೆ ಸಾಲು ಮನೆ ಅಂದ್ಕೊಂಡಿದ್ದೆ. ಹಂಗಿಲ್ಲ. ಮನೆಗಳು ಹೊಲದ ಮಧ್ಯ ಒಂದಿಲ್ಲಿ ಒಂದಲ್ಲಿ, ಥೇಟ್ ನಮ್ಮ ಮಲ್ನಾಡಿನ ಒಂಟಿ ಮನೆಗಳ ಥರ. ಜನ ಸಾವಿರಕ್ಕೂ ಕಮ್ಮಿ. ಚರ್ಚು, ಸ್ಕೂಲು, ಫೈರ್ ಸ್ಟೇಷನ್, ಒಂದು ಅಂಗಡಿ. ಲೀಪ ಅಂದ್ರೆ ಲಿಂಡೆನ್ ಮರ, ಜಾ ಅಂದ್ರೆ ಆಚೆ, ಹೆಸರಲ್ಲೇ ಮರ ಇದೆ, ಆದ್ರೆ ಅದು ಹೂ ಬಿಡೋದು ಇನ್ನೂ ಸ್ವಲ್ಪ ದಿನ ಬಿಟ್ಟು, ಜುಲೈ ತಿಂಗಳಿಗೆ ಪೋಲಿಷ್‌ನಲ್ಲಿ ಲಿಪ್ಯೆತ್ಸ್ ಅಂತ ಹೆಸರು ಬಂದಿರೋದೇ ಆ ಮರದಿಂದ.

ನಾವು ಇಳಿಯೋ ಹೊತ್ತಿಗೆ ಮೆರವಣಿಗೆ ನಡೀತಿತ್ತು. ಬೋಜೆ ಚ್ಯಾವೊ ಅಂದ್ರೆ ದೇವರ ದೇಹ, ಚರ್ಚಿನ ಒಳಗಿರೋ ಪವಿತ್ರ ರೊಟ್ಟಿನ ಪಾದ್ರಿ ಹೊರಗೆ ತಂದು ಊರು ಸುತ್ತಿಸೋ ದಿನ. ದಾರಿಯಲ್ಲಿ ನಾಲ್ಕು ಕಡೆ ಬಲಿಪೀಠ ಕಟ್ಟಿರ್ತಾರೆ, ಎಳೇ ಬರ್ಚ್ ಕೊಂಬೆ ನೆಟ್ಟಿರ್ತಾರೆ, ಮುಂದೆ ಪುಟ್ಟ ಹುಡುಗೀರು ಬಿಳೀ ಫ್ರಾಕ್ ಹಾಕ್ಕೊಂಡು ಬುಟ್ಟಿಯಿಂದ ಹೂವಿನ ಎಸಳು ಎರಚ್ತಾ ಹೋಗ್ತಾರೆ, ಪಾದ್ರಿ ತಲೆ ಮೇಲೆ ನಾಲ್ಕು ಜನ ಹಿಡ್ಕೊಂಡ ಮೇಲ್ಕಟ್ಟು, ಪಕ್ಕದಲ್ಲಿ ಯೂನಿಫಾರ್ಮ್ ಹಾಕಿದ ಫೈರ್‌ಮನ್‌ಗಳು. ಬ್ಯಾಗ್ ಹೊತ್ಕೊಂಡು ನಾವಿಬ್ರು ರಸ್ತೆ ಪಕ್ಕ ನಿಂತ್ವಿ, ಎಲ್ರೂ ಮಂಡಿಯೂರಿದಾಗ ಏನ್ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ, ಚಪ್ಪಲಿ ಬಿಡ್ಬೇಕಾ ಅಂತ ನಮ್ಮನೆಯವ್ರು ಪಿಸುಗುಟ್ಟಿದ್ರು. ಬೇಡ ಅಂದೆ. ಮುಗಿದ ತಕ್ಷಣ ಜನ ಆ ಬರ್ಚ್ ಕೊಂಬೆಗಳನ್ನ ಮುರಿಯೋಕೆ ಮುಗಿಬಿದ್ರು! ಮನೇಲಿ ಇಟ್ರೆ ಸಿಡಿಲು ಹೊಡೆಯಲ್ಲ ಅಂತ ನಂಬಿಕೆ.

ನಾವು ಉಳ್ಕೊಂಡ ಮನೆಯ ಯಜಮಾನಿಗೆ ಎಪ್ಪತ್ತರ ಮೇಲೆ ವಯಸ್ಸು, ಹೆಸರು ಬೇಡ, ಅಜ್ಜಿ ಅಂತೀನಿ. ನಾನು ಪಾನಿ ಅಂತ ಮರ್ಯಾದೆಯಿಂದ ಮಾತಾಡಿಸ್ತಿದ್ದೆ, ಅಜ್ಜಿ ಅರ್ಧ ಗಂಟೆ ಆಗೋದ್ರೊಳಗೆ ನನ್ನನ್ನ ಜೆತ್ಸ್ಕೊ, ಮಗು, ಅಂತ ಕರೆಯೋಕೆ ಶುರು ಮಾಡಿದ್ರು. ನಾವು ಮಾಂಸ ತಿನ್ನಲ್ಲ ಅಂತ ಮೊದಲೇ ಹೇಳಿದ್ವಿ, ಅದಕ್ಕೆ ಪಿಯೆರೋಗಿ ಮಾಡಿಟ್ಟಿದ್ರು, ಆಲೂಗಡ್ಡೆ ಮತ್ತೆ ಮೊಸರುಗಡ್ಡೆ ಥರದ ಚೀಸ್ ತುಂಬಿ ಬೇಯಿಸಿದ್ದು, ಥೇಟ್ ಕಡುಬು. ಮೇಲೆ ಕಂದು ಬಣ್ಣದ ಚೂರು ಉದುರಿಸಿದ್ರು, ಹುರಿದ ಈರುಳ್ಳಿ ಅಂತ ಖುಷಿಯಾಗಿ ಬಾಯಿಗಿಡೋ ಹೊತ್ತಿಗೆ ಅದು ಹಂದಿ ಕೊಬ್ಬು ಅಂತ ಗೊತ್ತಾಯ್ತು. ಅಜ್ಜಿಗೆ ಆಶ್ಚರ್ಯ, ಅದು ಮಾಂಸ ಅಲ್ವಲ್ಲ, ಬರೀ ರುಚಿಗೆ! ಬೇರೆ ತಟ್ಟೆ ಬಂತು, ಬೆಣ್ಣೆ ಹಾಕಿ.

ಎರಡನೇ ದಿನ, ಶುಕ್ರವಾರ

ಬೆಳಗ್ಗೆ ಫೆಲಿತ್ಸಿಯಾ ತ್ಸುರಿವೋವಾ ಅವರ ಮನೆಗೆ ಹೋದ್ವಿ, ಈಗ ಅದು ತಾರ್ನೂವ್ ಮ್ಯೂಸಿಯಂ ಕೈಯಲ್ಲಿದೆ. 1904ರಲ್ಲಿ ಹುಟ್ಟಿ 1974ರಲ್ಲಿ ತೀರಿಹೋದ ರೈತ ಹೆಂಗಸು. ಒಳಗೆ ಹೋದ್ರೆ ಕಣ್ಣು ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗಲ್ಲ, ಗೋಡೆ, ಸೂರು, ಒಲೆ, ಪೆಟ್ಟಿಗೆ, ದಿಂಬಿನ ಕವರ್ ಎಲ್ಲಾ ಹೂವು, ಸೂರಿನಿಂದ ನೇತಾಡೋ ಹುಲ್ಲಿನ ತೂಗುಗೊಂಚಲು, ಅದಕ್ಕೆ ಪಯೋಂಕ್ ಅಂತಾರೆ, ಜೇಡ ಅಂತ ಅರ್ಥ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಅಪ್ಪ ಅಮ್ಮ ಇಲ್ಲದ ಹೊತ್ತು ನೋಡಿ ಮನೆಯೆಲ್ಲಾ ಬಣ್ಣ ಬಳಿದುಬಿಟ್ರು ಅಂತ ಊರವ್ರು ಕಥೆ ಹೇಳ್ತಾರೆ. ದೊಡ್ಡವರಾದ ಮೇಲೆ ಬಾತೊರಿ ಅನ್ನೋ ಪ್ರಯಾಣಿಕರ ಹಡಗಿನ ಊಟದ ಹಾಲ್‌ಗೂ ಇದೇ ಹೂಗಳನ್ನ ಬರೆದ್ರು.

ಆದ್ರೆ ಶುರುವಾಗಿದ್ದು ಅವರಿಂದಲ್ಲ. ಶುರುವಾಗಿದ್ದು ಮಸಿಯಿಂದ.

ಹಳೇ ಕಾಲದ ಮನೆಗಳಿಗೆ ಇಲ್ಲಿ ಚಿಮಣಿ ಇರ್ಲಿಲ್ಲ. ಒಲೆ ಹೊಗೆ ಮನೆಯೊಳಗೇ ಸುತ್ತಿ ಬಾಗಿಲು, ಹುಲ್ಲಿನ ಮಾಡಿನ ಸಂದಿಯಲ್ಲಿ ಆಚೆ ಹೋಗ್ಬೇಕು, ಗೋಡೆ ಕಪ್ಪಗೆ ಎಣ್ಣೆ ಎಣ್ಣೆ. ಹಬ್ಬ ಬಂದಾಗ ಹೆಂಗಸರು ಸುಣ್ಣ ತಗೊಂಡು ಆ ಮಸಿ ಮೇಲೆ ಬಿಳೀ ಮಚ್ಚೆ ಮಚ್ಚೆ ಹಾಕ್ತಿದ್ರು, ಪಾತ್ಸ್ಕಿ ಅಂತ ಅದರ ಹೆಸರು, ಕತ್ತಲು ಸ್ವಲ್ಪ ಕಮ್ಮಿ ಆಗ್ಲಿ ಅಂತ ಅಷ್ಟೇ. 19ನೇ ಶತಮಾನದ ಕೊನೆಗೆ ಚಿಮಣಿ ಬಂತು, ಗೋಡೆ ಪೂರ್ತಿ ಬಿಳೀ ಬಳಿಯೋ ಹಂಗಾಯ್ತು, ಆದ್ರೆ ಮಚ್ಚೆ ಹಾಕಿ ಹಾಕಿ ಅಭ್ಯಾಸ ಆಗಿದ್ದ ಕೈ ಸುಮ್ನೆ ಇರ್ಬೇಕಲ್ಲ, ಈಗ ಬಿಳೀ ಮೇಲೆ ಬಣ್ಣದ ಮಚ್ಚೆ, ಮಚ್ಚೆ ಹೂವಾಯ್ತು, ಹೂವು ಹೂಗುಚ್ಛ ಆಯ್ತು. ಬ್ರಷ್ ಅಂದ್ರೆ ಬರ್ಚ್ ಕಡ್ಡಿನ ತುದಿ ಜಜ್ಜಿದ್ದು, ಇಲ್ಲ ಹಸು ಬಾಲದ ಕೂದಲು ಕಟ್ಟಿದ್ದು. ಬಣ್ಣ ಅಂದ್ರೆ ಮಸಿ, ಜೇಡಿಮಣ್ಣು, ಅಂಟೋಕೆ ಹಾಲು, ಇಲ್ಲ ಹಿಟ್ಟಿನುಂಡೆ ಬೇಯಿಸಿದ ನೀರು.

ಇದನ್ನ ಕೇಳ್ತಾ ನನಗೆ ಸುಮ್ನಿರೋಕೆ ಆಗ್ಲಿಲ್ಲ. ನಮ್ಮೂರ ಕಡೆ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯೋದೂ ಹೆಂಗಸರೇ, ಕೆಮ್ಮಣ್ಣಿನ ಗೋಡೆ, ನೆನೆಸಿದ ಅಕ್ಕಿ ಅರೆದ ಬಿಳೀ, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಬ್ರಷ್. ಫೋನಲ್ಲಿದ್ದ ಹಸೆ ಚಿತ್ತಾರದ ಫೋಟೋ ಹುಡುಕಿ ಸಂಜೆ ಅಜ್ಜಿಗೆ ತೋರಿಸಿದೆ. ಅಜ್ಜಿ ಕನ್ನಡಕ ಏರಿಸ್ಕೊಂಡು ಝೂಮ್ ಮಾಡಿ ನೋಡಿ, ಎಷ್ಟು ನೇರ ಗೆರೆ, ಸ್ಕೇಲ್ ಇಟ್ಟು ಎಳೀತಾರಾ ಅಂತ ಕೇಳಿದ್ರು. ಇಲ್ಲ, ಕೈಯಲ್ಲೇ, ಅಂದೆ. ಹೂವು ಯಾಕಿಲ್ಲ ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಊರಿನ ಇತಿಹಾಸ ಅಜ್ಜಿ ಬಾಯಲ್ಲಿ ಬರೋದು ತುಂಡು ತುಂಡಾಗಿ, ಅದಕ್ಕೆ ಇಸವಿಗಳನ್ನ ಜೋಡಿಸಿದ್ದು ನಾನು. 1918ರವರೆಗೆ ಪೋಲೆಂಡ್ ಅನ್ನೋ ದೇಶನೇ ನಕಾಶೆಯಲ್ಲಿ ಇರ್ಲಿಲ್ಲ, ಈ ಭಾಗ ಆಸ್ಟ್ರಿಯಾ ಚಕ್ರವರ್ತಿ ಕೈಯಲ್ಲಿದ್ದ ಗಲಿಸಿಯಾ ಪ್ರಾಂತ್ಯ, ಬಡತನಕ್ಕೆ ಹೆಸರುವಾಸಿ. ರೈತರು ಜಮೀನ್ದಾರನ ಹೊಲದಲ್ಲಿ ಬಿಟ್ಟಿ ಚಾಕರಿ ಮಾಡ್ಬೇಕಿತ್ತು. 1846ರಲ್ಲಿ ಇದೇ ತಾರ್ನೂವ್ ಸುತ್ತಮುತ್ತ ರೈತರು ತಿರುಗಿಬಿದ್ದು ಸುಮಾರು ಸಾವಿರ ಜನ ಜಮೀನ್ದಾರರನ್ನ, ಅವರ ಕಡೆಯವರನ್ನ ಕೊಂದುಹಾಕಿದ್ರು, ಯಾಕುಬ್ ಶೆಲಾ ಅನ್ನೋ ರೈತ ಅದರ ಮುಂದಾಳು. ದೇಶಕ್ಕೆ ಸ್ವಾತಂತ್ರ್ಯ ಬೇಕು ಅಂತ ಜಮೀನ್ದಾರರು ದಂಗೆಗೆ ರೆಡಿ ಆಗ್ತಿದ್ದ ಹೊತ್ತಲ್ಲಿ ರೈತರು ಅವರ ಮೇಲೇ ಬಿದ್ರು, ಆಸ್ಟ್ರಿಯಾದವ್ರಿಗೆ ಒಳಗೊಳಗೇ ಖುಷಿ. ಎರಡು ವರ್ಷಕ್ಕೆ, 1848ರಲ್ಲಿ, ಬಿಟ್ಟಿ ಚಾಕರಿ ರದ್ದಾಯ್ತು. ಇದನ್ನ ಓದಿದ ಮೇಲೆ ಆ ಹೂವುಗಳು ನನಗೆ ಬೇರೆ ಥರ ಕಾಣೋಕೆ ಶುರುವಾದ್ವು. ಗೋಡೆ ನಮ್ಮದು ಅಂತ ಆದ ಮೇಲೆ ತಾನೇ ಅದಕ್ಕೆ ಬಣ್ಣ ಬಳಿಯೋ ಮನಸ್ಸು ಬರೋದು? ಇದು ನನ್ನ ಊಹೆ, ಮ್ಯೂಸಿಯಂನವ್ರು ಹೇಳಿದ್ದಲ್ಲ.

ಆಮೇಲೆ ಮೊದಲನೇ ಮಹಾಯುದ್ಧ, 1915ರ ಮೇನಲ್ಲಿ ಗೊರ್ಲಿತ್ಸೆ-ತಾರ್ನೂವ್ ಸಾಲಿನಲ್ಲಿ ಜರ್ಮನ್ನರೂ ಆಸ್ಟ್ರಿಯಾದವ್ರೂ ಸೇರಿ ರಷ್ಯಾದವ್ರನ್ನ ಹಿಂದಕ್ಕಟ್ಟಿದ್ರು, ಆಗ ಸತ್ತವ್ರಿಗೆ ಈ ಸೀಮೆಯಲ್ಲಿ ಕಟ್ಟಿದ ಸೈನಿಕರ ಸ್ಮಶಾನಗಳೇ ಸುಮಾರು 400. ಆಮೇಲೆ 1934ರ ಜುಲೈ ಪ್ರವಾಹ, ದುನಾಯೆತ್ಸ್ ಉಕ್ಕಿದ್ದು. ಆಮೇಲೆ ಮತ್ತೆ ಯುದ್ಧ.

ಮೂರನೇ ದಿನ, ಶನಿವಾರ

ಮಲೋವಾನಾ ಹಾತಾ ಅಂದ್ರೆ ಬಣ್ಣದ ಗುಡಿಸಲು, ಇಲ್ಲಿನ ಸ್ಪರ್ಧೆಯ ಹೆಸರು. ಮೊದಲು ನಡೆದಿದ್ದು 1948ರಲ್ಲಿ, ಎರಡನೇ ಮಹಾಯುದ್ಧ ಮುಗಿದು ಮೂರೇ ವರ್ಷಕ್ಕೆ, ಜನಕ್ಕೆ ಉಣ್ಣೋಕಿಲ್ಲದ ಕಾಲದಲ್ಲಿ ಗೋಡೆಗೆ ಹೂವು ಬರೀರಿ ಬಹುಮಾನ ಕೊಡ್ತೀವಿ ಅಂತ. ಕಮ್ಯುನಿಸ್ಟ್ ಸರ್ಕಾರಕ್ಕೆ ಜಾನಪದ ಕಲೆ ಅಂದ್ರೆ ಪ್ರೀತಿ, 1949ರಲ್ಲಿ ಚೆಪೆಲಿಯಾ ಅಂತ ಸಂಸ್ಥೆ ಕಟ್ಟಿ ಹಳ್ಳಿ ಕರಕುಶಲ ಎಲ್ಲಾ ಕೊಂಡು ಮಾರೋಕೆ ಶುರು ಮಾಡಿದ್ರು. ಸ್ಪರ್ಧೆ ಮಧ್ಯ ನಿಂತು, ಅರವತ್ತರ ದಶಕದಿಂದ ಪ್ರತಿ ವರ್ಷ ನಡ್ಕೊಂಡು ಬಂದಿದೆ, ಬೋಜೆ ಚ್ಯಾವೊ ಆದ ಕೂಡ್ಲೇ ಬರೋ ವಾರಾಂತ್ಯದಲ್ಲಿ. ತೀರ್ಪುಗಾರರು ಮನೆಮನೆಗೆ ಹೋಗಿ ನೋಡ್ತಾರೆ, ಅಕ್ಕಪಕ್ಕದ ಹಳ್ಳಿಯವ್ರೂ ಭಾಗವಹಿಸ್ತಾರೆ.

ನಮ್ಮಜ್ಜಿ ಬೆಳಗ್ಗೆ ಐದಕ್ಕೇ ಎದ್ದು ಬಾವಿ ಕಟ್ಟೆಗೆ ಕೊನೇ ಕೈ ಹಾಕ್ತಾ ಇದ್ರು. ಚಳಿಗಾಲದ ಮಳೆ ಹಿಮಕ್ಕೆ ಬಣ್ಣ ಉದುರತ್ತೆ, ಸುಣ್ಣ ಏಳತ್ತೆ, ವಸಂತ ಬಂದ ಕೂಡ್ಲೇ ಕೆರೆದು ಮತ್ತೆ ಬಳೀಬೇಕು, ಹೊರಗೋಡೆ ಪ್ರತಿ ವರ್ಷದ ಕೆಲಸ. ಫೋಟೋದಲ್ಲಿ ನೋಡಿದಾಗ ಇದು ಯಾವಾಗ್ಲೋ ಬರೆದಿಟ್ಟ ಚಿತ್ರ ಅಂದ್ಕೊಂಡಿದ್ದೆ, ಮುಂಜಾನೆ ಅಜ್ಜಿ ಸೊಂಟ ಹಿಡ್ಕೊಂಡು ಏಳೋದು ನೋಡಿದ ಮೇಲೆ ಫೋನ್ ಒಳಗಿಟ್ಟೆ. ನಂಗೂ ಒಂದು ಬ್ರಷ್ ಕೊಟ್ರು. ಎಲೆ ಬರೆಯೋಕೆ ಹೇಳಿದ್ರು, ಒಂದೇ ಸಲಕ್ಕೆ ಒತ್ತಿ ಎಳೆದು ಎತ್ಬೇಕು, ಎರಡನೇ ಸಲ ಮುಟ್ಟಬಾರ್ದು. ನನ್ನ ಮೂರು ಎಲೆ ನೋಡಿ ಏನೂ ಹೇಳ್ದೆ ಅದರ ಮೇಲೆ ಒಂದು ದೊಡ್ಡ ಗುಲಾಬಿ ಬರೆದುಬಿಟ್ರು. ಮುಚ್ಚಿಹೋಯ್ತು.

ಪಕ್ಕದ ಮನೆಯವರ ಬಗ್ಗೆ ಕೇಳಿದ್ರೆ ಅಜ್ಜಿ ಮುಖ ಒಂದು ಥರ ಮಾಡಿದ್ರು, ಅವರ ಹೂವಿಗೆ ಉಸಿರಾಡೋಕೆ ಜಾಗ ಇಲ್ಲ ಅಂತೆ, ಅಷ್ಟೊಂದು ತುಂಬ್ತಾರಂತೆ. ಪಕ್ಕದ ಮನೆಯವ್ರೂ ಇವರ ಬಗ್ಗೆ ಏನೋ ಅಂದಿರ್ತಾರೆ ಬಿಡಿ. ರಂಗೋಲಿ ಸ್ಪರ್ಧೆ ನೋಡಿದವ್ರಿಗೆ ಗೊತ್ತು ಇದರ ಸೊಗಸು. ನಂಗೊಂದು ಅನುಮಾನನೂ ಇದೆ, ಬಹುಮಾನ ಇರೋದ್ರಿಂದ ಹೂವು ವರ್ಷ ವರ್ಷ ದೊಡ್ಡದಾಗ್ತಾ, ಬಣ್ಣ ಗಾಢ ಆಗ್ತಾ ಹೋಗಿದೆ, ಮ್ಯೂಸಿಯಂನಲ್ಲಿ ನೋಡಿದ ಹಳೇ ಹೂವುಗಳ ಮೆತ್ತಗಿನ ಕಂದು, ಬೂದು ಈಗಿನ ಗೋಡೆಯಲ್ಲಿ ಕಾಣಲ್ಲ. ಆದ್ರೆ ಸ್ಪರ್ಧೆ ಇಲ್ದಿದ್ರೆ ಬಳಿಯೋರೇ ಇರ್ತಿರ್ಲಿಲ್ಲ ಅನ್ನೋದೂ ಅಷ್ಟೇ ನಿಜ.

ಮಧ್ಯಾಹ್ನ ದೊಮ್ ಮಲಾರೆಕ್‌ಗೆ ಹೋದ್ವಿ, ಚಿತ್ರಗಾತಿಯರ ಮನೆ ಅಂತ. ಎಪ್ಪತ್ತರ ದಶಕದ ಕೊನೆಗೆ ಕಟ್ಟಿದ್ದು, ಹೆಂಗಸರು ಸೇರಿ ಕೂತು ಕೆಲಸ ಮಾಡೋಕೆ, ಕಲಿಸೋಕೆ, ಮಾರೋಕೆ ಒಂದು ಜಾಗ. ಇಂಥದ್ದೊಂದು ಬೇಕು ಅಂತ ಓಡಾಡಿದ ತ್ಸುರಿವೋವಾ ಅದು ಏಳೋದನ್ನ ನೋಡೋಕೆ ಇರ್ಲಿಲ್ಲ. ಅಂಗಳದಲ್ಲಿ ಊರವ್ರೆಲ್ಲಾ ಸೇರಿದ್ರು. ಹಳ್ಳಿ ಗೃಹಿಣಿಯರ ಬಳಗದವ್ರು, ಕೊವೊ ಗೊಸ್ಪೊದಿನ್ ಅಂತಾರೆ, ಪೋಲೆಂಡ್‌ನಲ್ಲಿ ಇಂಥ ಮೊದಲ ಬಳಗ ಶುರುವಾಗಿದ್ದು 1866ರಲ್ಲಂತೆ, ನಮ್ಮ ಸ್ತ್ರೀಶಕ್ತಿ ಸಂಘಕ್ಕೂ ಮಹಿಳಾ ಮಂಡಳಕ್ಕೂ ಮಧ್ಯದ್ದು ಅನ್ನಿ, ಅವರು ಟೇಬಲ್ ಹಾಕಿ ಕೇಕು, ಪಿಯೆರೋಗಿ, ಉಪ್ಪಿನಲ್ಲಿಟ್ಟ ಸೌತೆ ಎಲ್ಲಾ ಇಟ್ಟಿದ್ರು. ಸ್ಟ್ರಾಬೆರಿ ಸೀಸನ್ ಬೇರೆ. ಒಬ್ರು ಎಲ್ಡರ್ ಹೂವಿನ ಶರಬತ್ತು ಕೊಟ್ರು, ಸಕ್ಕರೆ ಸ್ವಲ್ಪ ಜಾಸ್ತಿ.

ಗಂಡಸರು ಎಲ್ಲಿ ಅಂದ್ರೆ ಫೈರ್ ಸ್ಟೇಷನ್‌ನಲ್ಲಿ. ಇದು ನನಗೆ ಹೊಸದು. ಹಳ್ಳಿ ಫೈರ್ ಸ್ಟೇಷನ್ ಸರ್ಕಾರದ್ದಲ್ಲ, ಊರವರ ಸ್ವಯಂಸೇವಕ ದಳ, ದೇಶದಲ್ಲಿ ಇಂಥವು ಸುಮಾರು 16 ಸಾವಿರ ಇವೆ. ಸೈರನ್ ಕೂಗಿದ್ರೆ ಟ್ರ್ಯಾಕ್ಟರ್ ಅಲ್ಲೇ ಬಿಟ್ಟು ಓಡ್ಬೇಕು. ಬೆಂಕಿಗಿಂತ ಜಾಸ್ತಿ ಪ್ರವಾಹ, ರಸ್ತೆ ಅಪಘಾತ, ಕಣಜದ ಹುಳದ ಗೂಡು ತೆಗೆಯೋ ಕೆಲಸವಂತೆ. ಆ ಹಾಲ್‌ನಲ್ಲೇ ಮದುವೆ, ಅಲ್ಲೇ ಡ್ಯಾನ್ಸು, ಅಲ್ಲೇ ಊರ ಸಭೆ, ನಮ್ಮಲ್ಲಿ ಸಮುದಾಯ ಭವನ ಹೆಂಗೋ ಹಂಗೆ. ಇಲ್ಲಿನ ಸ್ಟೇಷನ್ ಗೋಡೆಗೂ ಹೂವು! ಕೆಂಪು ಫೈರ್ ಎಂಜಿನ್, ಸುತ್ತ ನೀಲಿ ಹಳದಿ ಹೂವು. ಒಬ್ಬ ವಯಸ್ಸಾದವ್ರು ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಕೊಟ್ಟು, ಅವರ ಮಗ ಐರ್ಲೆಂಡ್‌ನಲ್ಲಿ, ಮಗಳು ಇಂಗ್ಲೆಂಡ್‌ನಲ್ಲಿ ಅಂದ್ರು. 2004ರ ಮೇ 1ಕ್ಕೆ ಪೋಲೆಂಡ್ ಯುರೋಪಿಯನ್ ಯೂನಿಯನ್ ಸೇರಿತು, ಬಾಗಿಲು ತೆಗೀತು, ಹುಡುಗರು ಹೋದ್ರು. ಮಕ್ಕಳು ವಿಡಿಯೋ ಕಾಲ್‌ನಲ್ಲಿ ಮೆರವಣಿಗೆ ತೋರಿಸು ಅಂತಾರಂತೆ. ನಮ್ಮನೆಯವ್ರು ಒಂದೂ ಮಾತಾಡ್ಲಿಲ್ಲ, ಹಿಂದಿನ ವಾರ ಅಷ್ಟೇ ಅತ್ತೆಗೆ ಫೋನ್ ಮಾಡಿ ಊರ ಜಾತ್ರೆಯ ತೇರು ತೋರಿಸಿ ಅಂತ ಇವರೂ ಹಟ ಮಾಡಿದ್ರು.

ಸಂಜೆ ಅಜ್ಜಿಯ ಅಳಿಯ ಕಾರಲ್ಲಿ ದೊಂಬ್ರೊವಾ ತಾರ್ನೊವ್ಸ್ಕಾ ಅನ್ನೋ ಪಕ್ಕದ ಪಟ್ಟಣಕ್ಕೆ ಕರ್ಕೊಂಡು ಹೋದ. ಅಲ್ಲಿ ಒಂದು ಭಾರೀ ಸಿನಗಾಗ್, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ, 19ನೇ ಶತಮಾನದ್ದು, ಊರಿನ ಅಳತೆಗೆ ತೀರಾ ದೊಡ್ಡದು. ಯುದ್ಧಕ್ಕೆ ಮುಂಚೆ ಇಲ್ಲಿ ದೊಡ್ಡ ಯಹೂದಿ ಸಮುದಾಯ ಇತ್ತು, ಹಳ್ಳಿಯವ್ರು ಮೊಟ್ಟೆ ಕೋಳಿ ತಂದು ಮಾರಿ ಬಟ್ಟೆ ಉಪ್ಪು ಕೊಳ್ತಿದ್ದಿದ್ದು ಇವರ ಅಂಗಡಿಗಳಲ್ಲಿ. 1942ರಲ್ಲಿ ನಾಜಿಗಳು ಅವರನ್ನ ಬೆವ್ಜೆತ್ಸ್ ಕ್ಯಾಂಪಿಗೆ ಸಾಗಿಸಿ ಕೊಂದ್ರು. ಕಟ್ಟಡ ದಶಕಗಟ್ಟಲೆ ಹಾಳು ಬಿದ್ದಿತ್ತು, ದುರಸ್ತಿ ಮಾಡಿ 2012ರಲ್ಲಿ ಸಾಂಸ್ಕೃತಿಕ ಕೇಂದ್ರವಾಗಿ ತೆರೆದ್ರು. ಒಳಗೆ ಗೋಡೆ ತುಂಬಾ ಚಿತ್ರ, ಹೊಸದಾಗಿ ತಿದ್ದಿದ್ದು. ಪ್ರಾರ್ಥನೆ ಮಾಡೋಕೆ ಯಾರೂ ಇಲ್ಲ. ಬೆಳಗ್ಗೆಯಿಂದ ಎಂಟು ಹತ್ತು ಬಣ್ಣದ ಗೋಡೆ ನೋಡಿದ್ದೆ, ಪ್ರತಿ ಗೋಡೆ ಮುಂದೆ ಅದನ್ನ ಬರೆದವ್ರು ನಿಂತಿದ್ರು. ಇಲ್ಲಿ ಗೋಡೆ ಮಾತ್ರ. ವಾಪಸ್ ಬರುವಾಗ ಕಾರಲ್ಲಿ ಯಾರೂ ರೇಡಿಯೋ ಹಾಕ್ಲಿಲ್ಲ.

ನಾಲ್ಕನೇ ದಿನ, ಭಾನುವಾರ

ಬೆಳಗ್ಗೆ ಪೂಜೆಗೆ ಅಜ್ಜಿ ಜೊತೆ ಸೇಂಟ್ ಜೋಸೆಫ್ ಚರ್ಚಿಗೆ. ಒಳಗೂ ಅದೇ ಹೂವು, ಪಾದ್ರಿ ನಿಲುವಂಗಿಯ ಕಸೂತಿಯಲ್ಲೂ ಅದೇ. ಮುಗಿದ ಮೇಲೆ ಫಲಿತಾಂಶ. ಸ್ಪೀಕರ್, ಭಾಷಣ, ಇನ್ನೊಂದು ಭಾಷಣ, ಹಾಡು, ಬಿಸಿಲು, ಇದೆಲ್ಲಾ ನಮ್ಮ ಊರ ಕಾರ್ಯಕ್ರಮದ ಹಾಗೇ, ಹಾರ ಶಾಲು ಇರ್ಲಿಲ್ಲ ಅಷ್ಟೇ. ಅಜ್ಜಿಗೆ ಬಹುಮಾನ ಬಂತಾ ಅಂದ್ರೆ ಬಂತು, ಮೊದಲನೇದಲ್ಲ. ಪಕ್ಕದ ಮನೆಯವ್ರಿಗೂ ಬಂತು. ಇಬ್ರೂ ತಬ್ಬಿ ಕೆನ್ನೆಗೆ ಮುತ್ತು ಕೊಟ್ಕೊಂಡ್ರು. ಮನೆಗೆ ಬಂದು ಚಪ್ಪಲಿ ಬಿಡೋ ಹೊತ್ತಿಗೆ, ಉಸಿರಾಡೋಕೆ ಜಾಗ ಇಲ್ಲ ಜೆತ್ಸ್ಕೊ, ನೀನೇ ನೋಡಿದ್ಯಲ್ಲ, ಅಂದ್ರು.

ತಾರ್ನೂವ್‌ಗೆ ಬಿಡೋಕೆ ಅಳಿಯ ಬಂದ, ದಾರಿ ಸ್ವಲ್ಪ ಬಳಸಿ ವ್ಯೆಜ್ಹೊಸ್ವಾವಿತ್ಸೆ ಅನ್ನೋ ಹಳ್ಳಿ ತೋರಿಸಿದ. (ಆ ಹೆಸರು ಬಾಯಲ್ಲಿ ಹೇಳೋಕೆ ನಾಲ್ಕು ಕಿಲೋಮೀಟರ್ ಪ್ರಾಕ್ಟೀಸ್ ಮಾಡಿದೆ.) ವಿಂತ್ಸೆಂತಿ ವಿತೊಸ್ ಅಂತ ರೈತ, 1874ರಲ್ಲಿ ಇಲ್ಲಿ ಹುಟ್ಟಿದ್ದು, ಊರಿನ ಮುಖ್ಯಸ್ಥನಾಗಿದ್ದೋನು ಮೂರು ಸಲ ಪೋಲೆಂಡ್ ಪ್ರಧಾನಿ ಆದ, 1920ರಲ್ಲಿ ಸೋವಿಯತ್ ಸೈನ್ಯ ವಾರ್ಸಾ ಕಡೆ ನುಗ್ಗಿ ಬರ್ತಿದ್ದಾಗ ಮೊದಲ ಸಲ. ಪ್ರಧಾನಿ ಆದ್ರೂ ಟೈ ಕಟ್ಟದೆ ಉದ್ದ ಬೂಟಲ್ಲೇ ಓಡಾಡ್ತಿದ್ದನಂತೆ. 1926ರಲ್ಲಿ ಪಿವ್ಸುದ್ಸ್ಕಿ ಅನ್ನೋ ಸೇನಾ ನಾಯಕ ಸೈನ್ಯ ತಂದು ಇವನನ್ನ ಇಳಿಸಿದ. ಇವನ ಹೆಸರು ಹೇಳೋವಾಗ ಅಳಿಯನ ಧ್ವನಿ ಸ್ವಲ್ಪ ಏರಿತ್ತು, ಅವರ ಮನೆ ದೊಡ್ಡಪ್ಪನ ಬಗ್ಗೆ ಹೇಳ್ತಿದ್ದ ಹಾಗೆ.

ರೈಲು ಹತ್ತಿ ಕೂತಾಗ ನೋಡಿದೆ, ನಾಲ್ಕು ದಿನಕ್ಕೆ ಫೋನಲ್ಲಿ ಒಟ್ಟು ಮೂವತ್ತು ಫೋಟೋನೂ ಇಲ್ಲ, ಅದರಲ್ಲಿ ನಾನಿರೋದು ಎರಡು, ಎರಡರಲ್ಲೂ ಕಣ್ಣು ಮುಚ್ಚಿದೀನಿ. ಬ್ಯಾಗಲ್ಲಿ ಅಜ್ಜಿ ಕೊಟ್ಟ ಸ್ಟ್ರಾಬೆರಿ ಜಾಮ್ ಬಾಟ್ಲಿ, ದಿನಪತ್ರಿಕೆ ಸುತ್ತಿ ಕೊಟ್ಟಿದ್ದು. ಜಾಮು ವಾರಕ್ಕೇ ಖಾಲಿ. ಬಾಟ್ಲಿ ತೊಳೆದು ಅಡಿಗೆಮನೆ ಕಿಟಕಿ ಹತ್ರ ಇಟ್ಟಿದೀನಿ, ಯಾಕಂದ್ರೆ ಕಾರು ಹೊರಟ ಮೇಲೂ ಅಜ್ಜಿ ಗೇಟಿನ ತನಕ ಬಂದು ಕೂಗಿ ಹೇಳಿದ್ದು ಅದೊಂದೇ: ಖಾಲಿ ಬಾಟ್ಲಿ ವಾಪಸ್ ತಂದುಕೊಡ್ಬೇಕು, ಮುಚ್ಚಳ ಸಮೇತ.